ತಲೆ ಎಣಿಸದೆ ತೋಪು ಹಾರುವುದಿಲ್ಲ

"ಕ್ಯಾಪ್ಟನ್ ಅವರೇ, ಕಡಲ್ಗಳ್ಳರು ಹಿಡಿದ ಹಡಗಿನ ಪಕ್ಕದಲ್ಲೇ ಅಷ್ಟು ದೊಡ್ಡ ಯುದ್ಧನೌಕೆ ನಿಂತಿದೆಯಂತೆ. ಒಂದೇ ಒಂದು ತೋಪು ಹಾರಿಸಿದರೆ ಮುಗಿಯಿತಲ್ಲ, ಇನ್ನೂ ಏನನ್ನು ಕಾಯುತ್ತಿದ್ದಾರೆ?"

ಹನುಮಂತನಗರದ ಮನೆಯೊಂದರ ಪಡಸಾಲೆಯಲ್ಲಿ, ಪೀಣ್ಯದ ರಫ್ತುದಾರರೊಬ್ಬರ ಕಚೇರಿಯಲ್ಲಿ, ವಿಜಯನಗರದ ಮದುವೆಯೊಂದರ ಊಟದ ಪಂಕ್ತಿಯಲ್ಲಿ, ಹೀಗೆ ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂಬ ಲೆಕ್ಕವಿಲ್ಲ. ಮೂವತ್ತೊಂದು ವರ್ಷ ಸರಕು ಹಡಗುಗಳಲ್ಲಿ ದುಡಿದು ಬೆಂಗಳೂರಿಗೆ ಬಂದು ನೆಲೆಸಿದವನು ನಾನು. ಹಡಗಿಗೆ ಹೊರಟ ಹುಡುಗರಿಗೂ ಅವರ ಮನೆಯವರಿಗೂ ತಿಳಿವಳಿಕೆ ಹೇಳುವುದು ಈಗಿನ ಕೆಲಸ. ಕಡಲು ಕಾಣಬೇಕಾದರೆ ಘಟ್ಟ ಇಳಿಯಬೇಕಾದ ಈ ಊರಿನಲ್ಲಿ ಯುದ್ಧನೌಕೆ ಮತ್ತು ಕಡಲ್ಗಳ್ಳರ ಕಾಳಗವೆಂದರೆ ಜನ ಟಿವಿಯಲ್ಲಿ ನೋಡಿದ್ದಷ್ಟೇ. ಅದು ತಪ್ಪಲ್ಲ. ಆದರೆ ಅದೇ ನಂಬಿಕೆಯನ್ನು ಹೊತ್ತು ಹುಡುಗ ಹಡಗು ಹತ್ತಿದರೆ ಅವನ ಜೀವಕ್ಕೇ ಅಪಾಯ. ಅದಕ್ಕಾಗಿ ಇಷ್ಟು ಬರೆಯುತ್ತಿದ್ದೇನೆ.

ತೋಪಿನ ಬಲದ ಲೆಕ್ಕ ಹಾಕಿದರೆ ಕಾಳಗ ಎಂಬ ಮಾತೇ ಹುಟ್ಟುವುದಿಲ್ಲ. ಒಂದು ಕಡೆ ಕ್ಷಿಪಣಿ, ಹೆಲಿಕಾಪ್ಟರ್, ಮೈಲಿಗಟ್ಟಲೆ ದೂರ ಗುರಿಯಿಡುವ ತೋಪು. ಇನ್ನೊಂದು ಕಡೆ ಎಕೆ-47 ಬಂದೂಕು, ಹೆಗಲ ಮೇಲಿಟ್ಟು ಹಾರಿಸುವ ರಾಕೆಟ್, ಅಲ್ಯೂಮಿನಿಯಂ ಏಣಿ. ಹಾಗಿದ್ದರೂ ಯುದ್ಧನೌಕೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸುಮ್ಮನೆ ಹಿಂಬಾಲಿಸುತ್ತದೆ. ಕಾರಣ ಒಂದೇ: ದಡದಿಂದ ನೂರಾರು ಮೈಲಿ ದೂರದಲ್ಲಿ ಎದುರಿಗೆ ಕಾಣುವ ಹಡಗು ಸಾಮಾನ್ಯವಾಗಿ ಕಡಲ್ಗಳ್ಳರದ್ದಾಗಿರುವುದಿಲ್ಲ. ಅವರಿಗೆ ಸ್ವಂತದ್ದೆಂದರೆ ಸ್ಕಿಫ್ ಎಂಬ ಪುಟ್ಟ ದೋಣಿ ಮಾತ್ರ. ದೂರದ ಸಮುದ್ರಕ್ಕೆ ಬರಲು ಅವರು ಯಾರದೋ ಮೀನುಗಾರಿಕಾ ಹಡಗನ್ನೋ ದೌ ಎಂಬ ಮರದ ಹಡಗನ್ನೋ ವಶಪಡಿಸಿಕೊಳ್ಳುತ್ತಾರೆ. ಸುದ್ದಿಯಲ್ಲಿ ಬರುವ 'ತಾಯಿ ಹಡಗು' ಅದೇ. ಅದರೊಳಗೆ ಅದರ ನಿಜವಾದ ನಾವಿಕರು ಇರುತ್ತಾರೆ, ಕೈಕಾಲು ಕಟ್ಟಿಸಿಕೊಂಡೋ ಬಂದೂಕಿನ ಮುಂದೆ ಚುಕ್ಕಾಣಿ ಹಿಡಿದೋ.

2008ರ ನವೆಂಬರ್ ಅನ್ನು ನೆನಪಿಸಿಕೊಳ್ಳಿ. ಸೊಮಾಲಿಯಾ ಮತ್ತು ಯೆಮೆನ್ ನಡುವಿನ ಏಡನ್ ಕೊಲ್ಲಿಯಲ್ಲಿದ್ದ ನಮ್ಮ ಯುದ್ಧನೌಕೆ ಐಎನ್‌ಎಸ್ ತಬರ್ ಆ ತಿಂಗಳ 11ರಂದು ಎರಡು ವ್ಯಾಪಾರಿ ಹಡಗುಗಳನ್ನು ಕಡಲ್ಗಳ್ಳರಿಂದ ಕಾಪಾಡಿತ್ತು. ಒಂದು ಭಾರತದ ಜಗ್ ಅರ್ಣವ್, ಇನ್ನೊಂದು ಸೌದಿಯದ್ದು. 18ರ ಸಂಜೆ ಅದಕ್ಕೆ ಮತ್ತೊಂದು ಅನುಮಾನಾಸ್ಪದ ಹಡಗು ಎದುರಾಯಿತು. ತಪಾಸಣೆಗೆ ನಿಲ್ಲಿಸಿರೆಂದರೆ ನಿಲ್ಲಿಸಲಿಲ್ಲ. ಮೇಲ್ಗಟ್ಟೆಯ ಮೇಲೆ ಬಂದೂಕು, ರಾಕೆಟ್ ಲಾಂಚರ್ ಹಿಡಿದವರು ಓಡಾಡುತ್ತಿದ್ದರು, ಹತ್ತಿರ ಬಂದರೆ ಸ್ಫೋಟಿಸುತ್ತೇವೆಂದು ಬೆದರಿಸಿ ಗುಂಡು ಹಾರಿಸಿದರು, ಆತ್ಮರಕ್ಷಣೆಗಾಗಿ ಪ್ರತಿದಾಳಿ ಮಾಡಿದೆವು ಎಂದು ನೌಕಾಪಡೆ ಹೇಳಿತು. ಹಡಗು ಹೊತ್ತಿ ಉರಿದು ಮುಳುಗಿತು. ಇಲ್ಲಿ ಜನ ಸಿಹಿ ಹಂಚಿದರು. ಒಂದು ವಾರ ಕಳೆದ ಮೇಲೆ ಗೊತ್ತಾಯಿತು, ಅದು ಎಕಾವಟ್ ನಾವಾ 5 ಎಂಬ ಥಾಯ್ಲೆಂಡ್ ಮಾಲೀಕರ ಮೀನುಗಾರಿಕಾ ಹಡಗು, ಅದೇ ದಿನ ಕಡಲ್ಗಳ್ಳರ ಕೈಗೆ ಸಿಕ್ಕಿತ್ತು. ದಿನಗಟ್ಟಲೆ ನೀರಿನ ಮೇಲೆ ತೇಲುತ್ತಿದ್ದ ನಾವಿಕನೊಬ್ಬ ಬದುಕಿ ಸಿಕ್ಕಿದ. ಅವನ ಜೊತೆಗಾರರು ಮನೆಗೆ ಮರಳಲಿಲ್ಲ.

ನಾನು ತಬರ್‌ನ ಕಮಾಂಡರ್ ಅವರನ್ನು ದೂರುತ್ತಿಲ್ಲ. ಕತ್ತಲಾಗುವ ಹೊತ್ತು, ಎದುರಿಗೆ ರಾಕೆಟ್, ತನ್ನ ಹಡಗಿನ ನೂರಾರು ಜನರ ಹೊಣೆ ತಲೆಯ ಮೇಲೆ. ಆ ಜಾಗದಲ್ಲಿ ನಿಲ್ಲದವನು ತೀರ್ಪು ಕೊಡಬಾರದು. ನಾನು ವ್ಯಾಪಾರಿ ಹಡಗಿನವನು, ನೌಕಾಪಡೆಯವನಲ್ಲ; ಯಾವಾಗ ಗುಂಡು ಹಾರಿಸಬಹುದೆಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ, ಸಂದರ್ಭದಿಂದ ಸಂದರ್ಭಕ್ಕೆ ಬೇರೆ. ಆದರೆ ಪಂಕ್ತಿಯಲ್ಲಿ ಕುಳಿತು "ಐದು ನಿಮಿಷದ ಕೆಲಸ" ಎನ್ನುವವರು ಆ ಥಾಯ್ ಹಡಗಿನ ನಾವಿಕರ ತಾಯಂದಿರನ್ನು ಒಮ್ಮೆ ನೆನೆಯಬೇಕು. 2011ರ ಮಾರ್ಚ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ವೆಗಾ 5 ಎಂಬ ಮೊಜಾಂಬಿಕ್‌ನ ಮೀನುಗಾರಿಕಾ ಹಡಗನ್ನು ನಮ್ಮವರು ಅಡ್ಡಗಟ್ಟಿದಾಗ 61 ಕಡಲ್ಗಳ್ಳರು ಸಿಕ್ಕಿಬಿದ್ದರು. ಅದರ 13 ನಾವಿಕರೂ ಜೀವಂತ ಸಿಕ್ಕಿದರು. ಅಲ್ಲೂ ಬೆಂಕಿ ಹೊತ್ತಿಕೊಂಡಿತ್ತು. ಎರಡು ಘಟನೆಗಳ ನಡುವಿನ ಅಂತರ ಕೂದಲೆಳೆಯಷ್ಟು.

ಇನ್ನು ನಾನು ನೂರು ಸಲ ಹೇಳಿದರೂ ಹುಡುಗರ ತಲೆಗೆ ಇಳಿಯದ ಮಾತು.

ಇಂದಿನ ಸರಕು ಹಡಗುಗಳಲ್ಲಿ ಸಿಟಾಡೆಲ್ ಎಂಬ ಭದ್ರ ಕೋಣೆಯನ್ನು ಗೊತ್ತುಮಾಡಿಕೊಂಡಿರುತ್ತಾರೆ. ಸಾಮಾನ್ಯವಾಗಿ ಇಂಜಿನ್ ರೂಮ್ ಅಥವಾ ಚುಕ್ಕಾಣಿ ತಿರುಗಿಸುವ ಯಂತ್ರವಿರುವ ಸ್ಟಿಯರಿಂಗ್ ಗೇರ್ ಕೋಣೆಯ ಕಡೆ, ಕೆಳಗೆ, ದಪ್ಪ ಉಕ್ಕಿನ ಬಾಗಿಲುಗಳ ಹಿಂದೆ. ಕಡಲ್ಗಳ್ಳರು ಹತ್ತುವುದು ಖಚಿತವಾದ ಕೂಡಲೇ ಎಲ್ಲರೂ ಅಲ್ಲಿ ಸೇರಿ ಬಾಗಿಲು ಹಾಕಿಕೊಳ್ಳಬೇಕು. ಹಡಗು ಉದ್ಯಮದವರೂ ನೌಕಾಪಡೆಗಳವರೂ ಸೇರಿ ರೂಪಿಸಿದ ಮಾರ್ಗಸೂಚಿಯ ಪ್ರಕಾರ, ಯುದ್ಧನೌಕೆಯವರು ಹಡಗು ಹತ್ತಿ ಬಿಡಿಸುವ ಯೋಚನೆಯನ್ನಾದರೂ ಮಾಡಬೇಕಾದರೆ ಮೂರು ಷರತ್ತು ಪೂರೈಸಿರಬೇಕು. ಇಂಜಿನ್ ಕಡಲ್ಗಳ್ಳರ ಹತೋಟಿಗೆ ಸಿಕ್ಕಿರಬಾರದು. ಒಳಗಿನಿಂದ ಹೊರಗಿನವರೊಡನೆ ನಂಬಬಹುದಾದ ಸಂಪರ್ಕ ಇರಬೇಕು, ಬರೀ ಹತ್ತಿರಕ್ಕಷ್ಟೇ ಮುಟ್ಟುವ ವಿಎಚ್‌ಎಫ್ ರೇಡಿಯೊ ಸಾಲದು. ಮತ್ತು ನಾವಿಕರಲ್ಲಿ ನೂರಕ್ಕೆ ನೂರು ಮಂದಿ ಒಳಗಿರಬೇಕು.

ಮೊದಲಿನ ಎರಡು ಎಲ್ಲರಿಗೂ ಅರ್ಥವಾಗುತ್ತವೆ. ಮೂರನೆಯದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರಿಗೂ ಅರ್ಥವಾಗಿರುವುದಿಲ್ಲ. "ಇಪ್ಪತ್ತೆರಡರಲ್ಲಿ ಇಪ್ಪತ್ತೊಂದು ಮಂದಿ ಒಳಗಿದ್ದರೂ ಸಾಕಲ್ಲವೇ, ಸರ್?" ಸಾಲದು. ಯಾಕೆಂದು ನಿಧಾನವಾಗಿ ಕೇಳಿ. ಕಮಾಂಡೊ ಒಬ್ಬ ರಾತ್ರಿ ಹಗ್ಗ ಹಿಡಿದು ಹಡಗಿಗೆ ಇಳಿಯುತ್ತಾನೆ. ವಿದ್ಯುತ್ ಇಲ್ಲ, ಕಿರಿದಾದ ಓಣಿ. ತಿರುವಿನಲ್ಲಿ ಒಂದು ಆಕೃತಿ ಅಲುಗಾಡುತ್ತದೆ. ನಾವಿಕರೆಲ್ಲರೂ ಬಾಗಿಲ ಹಿಂದಿದ್ದಾರೆಂದು ಗೊತ್ತಿದ್ದರೆ ಆ ಆಕೃತಿ ಶತ್ರುವೇ, ಅನುಮಾನವಿಲ್ಲ. ಒಬ್ಬನೇ ಒಬ್ಬ ಹೊರಗಿದ್ದರೆ? ಆಗ ಪ್ರತಿಯೊಂದು ಆಕೃತಿಯೂ ಆ ಒಬ್ಬನಾಗಿರಬಹುದು. ಒಬ್ಬ ಹೊರಗುಳಿದರೆ ಅಪಾಯ ಆ ಒಬ್ಬನಿಗೆ ಮಾತ್ರವಲ್ಲ. ಒಳಗಿರುವ ಇಪ್ಪತ್ತೊಂದು ಮಂದಿಗೂ ಬರಬೇಕಾದ ನೆರವು ಅಲ್ಲಿಗೇ ನಿಲ್ಲುತ್ತದೆ. ಕಡಲ್ಗಳ್ಳರಿಗೂ ಇದು ಗೊತ್ತು. ಅವನ ತಲೆಗೆ ಬಂದೂಕಿಟ್ಟು ಸಿಟಾಡೆಲ್ ಬಾಗಿಲಿನ ಮುಂದೆ ತಂದು ನಿಲ್ಲಿಸುತ್ತಾರೆ. ಇಪ್ಪತ್ತೊಂದು ಮತ್ತು ಇಪ್ಪತ್ತೆರಡರ ನಡುವೆ ಇರುವುದು ಒಂದರ ವ್ಯತ್ಯಾಸವಲ್ಲ.

2024ರ ಜನವರಿಯಲ್ಲಿ ಸೊಮಾಲಿಯಾದ ಪೂರ್ವಕ್ಕೆ ಲೀಲಾ ನಾರ್ಫೋಕ್ ಎಂಬ ಸರಕು ಹಡಗಿಗೆ ಐದಾರು ಮಂದಿ ಶಸ್ತ್ರಧಾರಿಗಳು ಹತ್ತಿದರು. ನಾವಿಕರು 21 ಮಂದಿ, ಅವರಲ್ಲಿ 15 ಮಂದಿ ಭಾರತೀಯರು. ಎಲ್ಲರೂ ಸಿಟಾಡೆಲ್ ಸೇರಿದ್ದರು. 4ರ ಸಂಜೆ ಸಂದೇಶ ಹೊರಟಿತು. 5ರಂದು ಐಎನ್‌ಎಸ್ ಚೆನ್ನೈ ಅಲ್ಲಿಗೆ ತಲುಪಿ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ಹಡಗು ಹತ್ತಿ ಶೋಧಿಸಿದರು. ಕಡಲ್ಗಳ್ಳರು ಅಷ್ಟರಲ್ಲಿ ಕಾಲ್ತೆಗೆದಿದ್ದರು. ಇಪ್ಪತ್ತೊಂದು ಮಂದಿಗೂ ಗಾಯವಿಲ್ಲ. ಇದಕ್ಕೆ ವಿರುದ್ಧ ಉದಾಹರಣೆ ಎಂವಿ ರುಯೆನ್ ಎಂಬ ಸರಕು ಹಡಗು. 2023ರ ಡಿಸೆಂಬರ್ 14ರಂದು ಅಪಹರಣವಾದ ಈ ಹಡಗಿನಲ್ಲಿ ನಾವಿಕರು ಒತ್ತೆಯಾಳಾಗಿ ಮೂರು ತಿಂಗಳು ಕಳೆದರು. ಮಾರ್ಚ್‌ನಲ್ಲಿ ಕಡಲ್ಗಳ್ಳರು ಅದನ್ನೇ ತಾಯಿ ಹಡಗನ್ನಾಗಿ ಮಾಡಿಕೊಂಡು ಹೊರಟಾಗ, ನಮ್ಮ ತೀರದಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ ಐಎನ್‌ಎಸ್ ಕೋಲ್ಕತ್ತಾ ತಡೆಯಿತು. ನಮ್ಮ ನೌಕೆಯ ಡ್ರೋನನ್ನು ಕಡಲ್ಗಳ್ಳರು ಹೊಡೆದುರುಳಿಸಿದರು, ನೌಕೆಯತ್ತಲೂ ಗುಂಡು ಹಾರಿಸಿದರು. ಆಗಲೂ ನಮ್ಮವರು ಹಡಗನ್ನು ಹೊಡೆಯಲಿಲ್ಲ. ಅದರ ಸ್ಟಿಯರಿಂಗನ್ನೂ ದಿಕ್ಕು ತೋರುವ ಉಪಕರಣಗಳನ್ನೂ ಗುರಿಯಿಟ್ಟು ಕೆಡಿಸಿ ನಿಲ್ಲಿಸಿದರು. ಆಮೇಲೆ ಮಾತುಕತೆ, ಒತ್ತಡ, ವಾಯುಪಡೆಯ ಸಿ-17 ಸಾಗಣೆ ವಿಮಾನದಿಂದ ಕಮಾಂಡೊಗಳನ್ನು ಕಡಲಿಗಿಳಿಸುವುದು, ಮತ್ತೆ ಕಾಯುವುದು. ನಲವತ್ತು ಗಂಟೆ. ಕೊನೆಗೆ 35 ಕಡಲ್ಗಳ್ಳರೂ ಶರಣಾದರು, 17 ನಾವಿಕರೂ ಬದುಕಿದರು. ನನ್ನ ಮಟ್ಟಿಗೆ ಈ ನಲವತ್ತು ಗಂಟೆಗಳ ತಾಳ್ಮೆ ಯಾವ ತೋಪಿನ ಗೆಲುವಿಗಿಂತಲೂ ದೊಡ್ಡದು.

ಸಿಟಾಡೆಲ್ ಸೇರಿದರೆ ಗೆದ್ದಂತೆ ಎಂದೂ ನಾನು ಹೇಳುವುದಿಲ್ಲ. 2011ರ ಜನವರಿಯಲ್ಲಿ ಸೇಶೆಲ್ಸ್ ಉತ್ತರಕ್ಕೆ ಬೆಲುಗಾ ನಾಮಿನೇಷನ್ ಎಂಬ ಹಡಗಿನವರು ಒಳಸೇರಿ ಎರಡು ದಿನ ಕಾದರು. ಹತ್ತಿರ ಯಾವ ಯುದ್ಧನೌಕೆಯೂ ಇರಲಿಲ್ಲ. ಕಡಲ್ಗಳ್ಳರು ಉಕ್ಕು ಕತ್ತರಿಸಿ ಒಳನುಗ್ಗಿದರು, ಕೆಲವು ನಾವಿಕರು ಪ್ರಾಣ ಕಳೆದುಕೊಂಡರು. ಬಾಗಿಲು ಕೊಡುವುದು ಸಮಯವನ್ನು ಮಾತ್ರ.

ನನ್ನ ಹಡಗಿನ ಒಂದು ಸಂಗತಿ. ಆ ವರ್ಷಗಳಲ್ಲೇ ಏಡನ್ ಕೊಲ್ಲಿ ಹೊಗುವ ಮುನ್ನ ಸಿಟಾಡೆಲ್ ಕವಾಯತು ಮಾಡಿಸುತ್ತಿದ್ದೆ. ಗಂಟೆ ಬಾರಿಸಿತು, ಎಲ್ಲರೂ ಕೆಳಗೆ ಓಡಿ ಬಂದರು, ಎಣಿಸಿದರೆ ಇಪ್ಪತ್ತೊಂದು. ಮತ್ತೆ ಎಣಿಸಿದೆ. ಅಡುಗೆಯವನಿಲ್ಲ. ಕುಮಟಾ ಕಡೆಯ ಹಿರಿಯ, ನನ್ನೊಡನೆ ನಾಲ್ಕು ಹಡಗುಗಳಲ್ಲಿ ದುಡಿದವನು. ಆರು ನಿಮಿಷದ ಮೇಲೆ ಏದುಸಿರು ಬಿಡುತ್ತಾ ಬಂದ. "ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು ಸಾಹೇಬರೇ, ಆರಿಸದೆ ಹೇಗೆ ಬರಲಿ? ಹಡಗಿಗೇ ಬೆಂಕಿ ಬೀಳುತ್ತದೆ" ಎಂದ. ಅವನ ಮಾತು ಸರಿ. ಹಡಗಿನಲ್ಲಿ ಬೆಂಕಿ ಕಡಲ್ಗಳ್ಳರಿಗಿಂತ ಹೆಚ್ಚು ಜನರನ್ನು ನುಂಗಬಲ್ಲದು. ಅವನನ್ನು ಗದರಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ಅಪಾಯದ ನೀರಿನಲ್ಲಿ ಎಣ್ಣೆ ಕಾಯಿಸುವುದನ್ನೇ ನಿಲ್ಲಿಸಿದೆವು. ಒಲೆಗಳ ಕರೆಂಟನ್ನು ಇಂಜಿನ್ ರೂಮಿನಿಂದಲೇ ಕಡಿಯುವ ಹೊಣೆಯನ್ನು ಎಲೆಕ್ಟ್ರಿಷಿಯನ್‌ಗೆ ವಹಿಸಿದೆವು. ಮುಂದಿನ ಕವಾಯತಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಕುಳಿತವನು ಅವನೇ. ಈಗಿನ ಹುಡುಗರು ಹಿಂದೆ ಉಳಿಯುವುದು ಎಣ್ಣೆಗಾಗಿ ಅಲ್ಲ, ಮೊಬೈಲ್‌ಗಾಗಿ, ಲ್ಯಾಪ್‌ಟಾಪ್‌ಗಾಗಿ. ಅದಕ್ಕೆ ನನ್ನ ಬಳಿ ಕ್ಷಮೆಯಿಲ್ಲ.

ಮನೆಯವರಿಗೆ ಒಂದೇ ವಿನಂತಿ. ಅಂಥ ಗಳಿಗೆ ಬಂದರೆ, ಮಗ ಹಡಗಿನ ಯಾವ ಮೂಲೆಯಲ್ಲಿ ಅಡಗಿದ್ದಾನೆ, ಎಷ್ಟು ಮಂದಿ ಇದ್ದಾರೆ ಎಂಬುದನ್ನು ಟಿವಿಯವರಿಗೂ ಹೇಳಬೇಡಿ, ವಾಟ್ಸಾಪ್‌ನಲ್ಲೂ ಹಾಕಬೇಡಿ. ಕಂಪನಿ ಮತ್ತು ಹಡಗು ಸಾರಿಗೆ ಮಹಾನಿರ್ದೇಶನಾಲಯ ಏನು ಹೇಳುತ್ತವೆಯೋ ಅದರಂತೆ ನಡೆಯಿರಿ.

ಲೀಲಾ ನಾರ್ಫೋಕ್ ಸುದ್ದಿ ಬಂದ ದಿನ ಹನುಮಂತನಗರದ ನಿವೃತ್ತ ಶಿಕ್ಷಕಿಯೊಬ್ಬರು ನನಗೆ ಫೋನ್ ಮಾಡಿದರು. ಅವರ ಮಗ ಬೇರೊಂದು ಹಡಗಿನಲ್ಲಿ ಅದೇ ಸಮುದ್ರದಲ್ಲಿದ್ದ. ಮೇಲೆ ಬರೆದದ್ದನ್ನೆಲ್ಲ ಅವರಿಗೆ ವಿವರಿಸಿದೆ. ಕೇಳಿ ಮುಗಿಸಿದ ಮೇಲೆ ಅವರು, ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಕೇಳಿದರು: "ಹೊರಗೆ ಉಳಿದವನು ನನ್ನ ಮಗನೇ ಆದರೆ, ಬಾಗಿಲು ಹಾಕಿಕೊಳ್ಳುತ್ತಾರೆಯೇ?"

ಸುಳ್ಳು ಹೇಳಲಾಗಲಿಲ್ಲ. "ಕಾಯುವಷ್ಟು ಕಾಯುತ್ತಾರೆ ಅಮ್ಮಾ. ಆಮೇಲೆ ಹಾಕಿಕೊಳ್ಳಬೇಕಾಗುತ್ತದೆ" ಎಂದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಅಂದು ರಾತ್ರಿ ಮಗನಿಗೆ ಕರೆ ಮಾಡಿದರಂತೆ. "ಗಂಟೆ ಬಾರಿಸಿದರೆ ಫೋನು ಬೇಡ, ಪಾಸ್‌ಪೋರ್ಟು ಬೇಡ, ಚಪ್ಪಲಿಯೂ ಬೇಡ. ಓಡು" ಎಂದು ಹೇಳಿ, ಶಾಲೆಯಲ್ಲಿ ಮಕ್ಕಳಿಂದ ಹೇಳಿಸುತ್ತಿದ್ದಂತೆ ಅದನ್ನು ಅವನ ಬಾಯಿಂದ ಎರಡು ಸಲ ಹೇಳಿಸಿದರಂತೆ.