ಹಳೆಯ ಹಾಡು, ಬದಲಾದ ಗಂಟಲು

ಹುಬ್ಬಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಕಳೆದ ತಿಂಗಳು ಬಂದಿದ್ದ ಗಾಯಕರು ಐವತ್ತು ದಾಟಿದವರು. ಇಂಜಿನಿಯರಿಂಗ್ ಓದುವಾಗ ಗೆಳೆಯರೊಂದಿಗೆ ಕಟ್ಟಿದ ರಾಕ್ ಬ್ಯಾಂಡಿನಲ್ಲಿ ಇಂದಿಗೂ ಹಾಡುತ್ತಾರೆ. ಆರಂಭದಲ್ಲಿ ಹೆಸರು ತಂದುಕೊಟ್ಟ ಹಾಡನ್ನೇ ಜನ ಈಗಲೂ ಕೇಳುತ್ತಾರೆ, ಆದರೆ ಅದರ ತಾರಕದ ಸಾಲು ಬಂದಾಗ ಅವರ ದನಿ ಒಡೆಯುತ್ತದೆ. ಎಂಡೋಸ್ಕೋಪಿಯ ಪರದೆಯ ಮೇಲೆ ಕಾರಣ ಕಂಡಿತು: 'ಈ' ಎಂದು ದನಿ ತೆಗೆದಾಗ ಪೂರ್ತಿ ಕೂಡಿಕೊಳ್ಳಬೇಕಿದ್ದ ಎರಡು ಸ್ವರತಂತುಗಳ ನಡುವೆ ಬೇವಿನ ಎಲೆಯಂಥ ಸಣ್ಣ ಸಂದು ಉಳಿಯುತ್ತಿತ್ತು.

ತಾರಕದಲ್ಲಿ ಸ್ವರತಂತುಗಳು ಸೆಕೆಂಡಿಗೆ 440 ಬಾರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾರಿ ಕಂಪಿಸಬೇಕು. ವಯಸ್ಸಾದಂತೆ ಅವುಗಳ ಸ್ನಾಯು ತೆಳುವಾಗಿ, ಅಂಚು ಬಾಗಿ, ಸಂದಿನಿಂದ ಉಸಿರು ಸೋರುತ್ತದೆ. ಅದನ್ನು ಸರಿದೂಗಿಸಲು ಗಾಯಕ ಕುತ್ತಿಗೆ ಬಿಗಿದು ಒತ್ತಿ ಹಾಡುತ್ತಾನೆ, ಒತ್ತಿದಷ್ಟೂ ತಂತುಗಳು ಊದಿಕೊಳ್ಳುತ್ತವೆ.

ನ್ಯೂಜೆರ್ಸಿಯಲ್ಲಿ 1983ರಲ್ಲಿ ಹುಟ್ಟಿದ ಬಾನ್ ಜೋವಿ ಬ್ಯಾಂಡಿನ 1986ರ 'ಲಿವಿನ್ ಆನ್ ಎ ಪ್ರೇಯರ್' ಕೊನೆಯ ಭಾಗದಲ್ಲಿ ಇದ್ದಕ್ಕಿದ್ದಂತೆ ಮೂರು ಅರ್ಧಸ್ವರ (ಹಾರ್ಮೋನಿಯಂನಲ್ಲಿ ಕಪ್ಪು-ಬಿಳಿ ಸೇರಿ ಮೂರು ಪಟ್ಟಿಗಳಷ್ಟು) ಮೇಲೇರುತ್ತದೆ. ಅದು ಬಿಡುಗಡೆಯಾದಾಗ ಗಾಯಕ ಜಾನ್ ಬಾನ್ ಜೋವಿಗೆ 24 ವರ್ಷ. ಅರವತ್ತನೆಯ ವಯಸ್ಸಿನಲ್ಲಿ, ಅಂದರೆ 2022ರಲ್ಲಿ, ಕ್ಷೀಣಿಸಿದ್ದ ಒಂದು ಸ್ವರತಂತುವನ್ನು ನಡುವಿಗೆ ಸರಿಸಲು ಅವರು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಯೌವನದ ಗಂಟಲಿಗೆ ಹೊಲಿದ ಹಾಡನ್ನು ಬ್ಯಾಂಡ್ ದಶಕಗಳ ಕಾಲ ಹೊರಬೇಕಾಗುತ್ತದೆ ಎಂಬುದನ್ನು ಮೊದಲ ಯಶಸ್ಸಿನ ದಿನಗಳಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ.

ಕೀ ಇಳಿಸಿ, ಅಂದರೆ ಇಡೀ ಹಾಡಿನ ಶ್ರುತಿ ತಗ್ಗಿಸಿ ಹಾಡಿರೆಂದು ನಾನು ಹೇಳಿದಾಗ ನನ್ನ ಬಳಿ ಬಂದಿದ್ದ ಗಾಯಕರು ತಲೆ ತಗ್ಗಿಸಿ, "ಮಂದಿಗೆ ಗೊತ್ತಾಗತೈತ್ರಿ, ಡಾಕ್ಟರ್," ಎಂದರು. ಆ ಸಂಕೋಚ ನನಗೆ ನೋವು ತಂದಿತು. ನಮ್ಮ ಹಿಂದೂಸ್ತಾನಿ ಗಾಯಕರು ಹಾರ್ಮೋನಿಯಂ ಪಟ್ಟಿಯ ಮೇಲೆ ತಮ್ಮ ಗಂಟಲಿಗೆ ಒಗ್ಗುವ ಷಡ್ಜವನ್ನು ತಾವೇ ಆರಿಸಿಕೊಳ್ಳುತ್ತಾರೆ, ವಯಸ್ಸಾದಾಗ ಇಳಿಸುತ್ತಾರೆ. ಅದನ್ನು ಯಾರೂ ಸೋಲೆನ್ನುವುದಿಲ್ಲ. ಇದೇ ಊರಿನ ಗಂಗೂಬಾಯಿ ಹಾನಗಲ್ ಅವರ ಆರಂಭದ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳು, ಎತ್ತರದ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಗಡಸಾಗಿ ಕೆಳಗಿಳಿಯಿತು, ಆ ದನಿಯಲ್ಲೇ ಅವರು ತೊಂಬತ್ತರ ಗಡಿ ದಾಟುವವರೆಗೆ ಹಾಡಿದರು.

ರಾಕ್ ಸಂಗೀತದಲ್ಲಿ ಮೂಲ ಧ್ವನಿಮುದ್ರಣ ಎಲ್ಲರ ಕಿವಿಯಲ್ಲಿ ಕುಳಿತಿರುವುದರಿಂದ ಇದು ಕಷ್ಟ, ಅಸಾಧ್ಯವಲ್ಲ. ಗಿಟಾರಿನ ಎಲ್ಲ ತಂತಿಗಳನ್ನೂ ಅರ್ಧಸ್ವರ ಅಥವಾ ಒಂದು ಸ್ವರ ಸಡಿಲಿಸಿದರೆ ಬೆರಳುಗಳ ಜಾಗ ಬದಲಾಗದು. ಅನೇಕ ಹಿರಿಯ ಬ್ಯಾಂಡುಗಳು ಹಾಗೆಯೇ ಮಾಡುತ್ತವೆ.

ನೀರಿನ ಲೋಟದಲ್ಲಿ ಸ್ಟ್ರಾ ಅದ್ದಿ ದನಿ ತೆಗೆಯುವ ಅಭ್ಯಾಸವನ್ನು ಆರು ವಾರಗಳಿಗೆ ಬರೆದುಕೊಟ್ಟೆ. ಹೊರಡುವ ಮುನ್ನ ಅವರು ಅದೇ ಸಾಲನ್ನು ಒಂದು ಸ್ವರ ಕೆಳಗೆ, ಮೆಲ್ಲಗೆ ಹಾಡಿ ನೋಡಿದರು. ಸಾಲು ಒಡೆಯಲಿಲ್ಲ, ಕುತ್ತಿಗೆಯ ನರವೂ ಉಬ್ಬಲಿಲ್ಲ.