ಚೆಸ್ಕಿ ಕ್ರುಮ್ಲೋವ್: ಮನೆಗಳು ಉಳಿದವು, ಮನೆಯವರು?

ಜೆಕ್ ದೇಶದ ದಕ್ಷಿಣದಲ್ಲಿ, ವಲ್ತಾವಾ ನದಿ ಬಳುಕಿ ಬಳುಕಿ ಹರಿಯುವ ಜಾಗದಲ್ಲಿ ಚೆಸ್ಕಿ ಕ್ರುಮ್ಲೋವ್ ಅನ್ನೋ ಪುಟ್ಟ ಊರಿದೆ. ಜನಸಂಖ್ಯೆ ಸುಮಾರು 13 ಸಾವಿರ. ಆದರೆ ಪ್ರವಾಸಿಗರು ಫೋಟೋ ತೆಗೆಯುವ ಹಳೇ ಊರಿನೊಳಗೆ ಕಾಯಂ ವಾಸ ಇರುವವರು ಕೆಲವೇ ನೂರು ಮಂದಿ. ಉಳಿದದ್ದೆಲ್ಲ ಹೋಟೆಲು, ಅಂಗಡಿ, ಬಾಡಿಗೆ ರೂಮು. ಹೀಗ್ಯಾಕಾಯ್ತು?

ಸ್ವಲ್ಪ ಹಿಂದಕ್ಕೆ ಹೋಗಬೇಕು. 1302ರಿಂದ ಮುನ್ನೂರು ವರ್ಷ ಈ ಊರನ್ನು ಆಳಿದ್ದು ರೋಜ್ಮ್‌ಬೆರ್ಕ್ ಮನೆತನ. ಊರಿಗೆ ಈಗಿನ ರೂಪ ಬಂದದ್ದು ಹೆಚ್ಚಾಗಿ ಅವರ ಕಾಲದಲ್ಲೇ. ಆಮೇಲೆ ಎಗ್ಗೆನ್‌ಬರ್ಗ್‌ಗಳು, 1719ರಿಂದ ಶ್ವಾರ್ಜೆನ್‌ಬರ್ಗ್‌ಗಳು. ಈ ಕೊನೆಯವರು 1766ರಲ್ಲಿ ಕೋಟೆಯೊಳಗೆ ಹೊಸ ರೂಪ ಕೊಟ್ಟು ಮರುಕಟ್ಟಿಸಿದ ನಾಟಕಶಾಲೆ ಇವತ್ತಿಗೂ ಇದೆ. ಬಣ್ಣದ ಪರದೆಗಳು, ಉಡುಪುಗಳು, ವೇದಿಕೆಯ ಕೆಳಗೆ ಹಗ್ಗ ಸುತ್ತಿ ದೃಶ್ಯ ಬದಲಿಸುವ ಮರದ ಯಂತ್ರ, ಎಲ್ಲವೂ. ಉಳಿದದ್ದು ಹೇಗೆ ಅಂದರೆ, 19ನೇ ಶತಮಾನದಲ್ಲಿ ಒಡೆಯರು ಹ್ಲುಬೋಕಾದ ಅರಮನೆಗೆ ವಾಸ ಬದಲಿಸಿದರು, ಕ್ರುಮ್ಲೋವ್ ಮೂಲೆಗೆ ಬಿತ್ತು, ಒಡೆದು ಹೊಸದು ಕಟ್ಟೋಣ ಅಂತ ಯಾರಿಗೂ ಅನ್ನಿಸಲಿಲ್ಲ. ನನ್ನ ಪ್ರಕಾರ ಈ ಊರನ್ನು ಕಾಪಾಡಿದ್ದರಲ್ಲಿ ಅಸಡ್ಡೆಯ ಪಾಲೇ ಜಾಸ್ತಿ.

ಅಸಲಿ ಪೆಟ್ಟು ಬಿದ್ದದ್ದು 20ನೇ ಶತಮಾನದಲ್ಲಿ. ಆಗ ಇಲ್ಲಿದ್ದ ಹೆಚ್ಚಿನ ಜನ ಜರ್ಮನ್ ಮಾತಾಡುವವರು. ಈ ಗಡಿನಾಡನ್ನು ಜರ್ಮನಿಗೆ ಬಿಟ್ಟುಕೊಟ್ಟ 1938ರ ಮ್ಯೂನಿಕ್ ಒಪ್ಪಂದದ ನಂತರ ಊರು ಹಿಟ್ಲರನ ಕೈಗೆ ಹೋಯಿತು. ಯುದ್ಧ ಮುಗಿದ ಮೇಲೆ, 1945–46ರಲ್ಲಿ, ಜರ್ಮನ್ನರಲ್ಲಿ ಬಹುತೇಕ ಎಲ್ಲರನ್ನೂ ದೇಶದಿಂದಲೇ ಓಡಿಸಲಾಯಿತು. ತಲೆಮಾರುಗಳಿಂದ ಇದ್ದವರು ಹೋದರು, ಎಲ್ಲಿಂದಲೋ ಬಂದ ಹೊಸಬರು ಆ ಮನೆಗಳನ್ನು ಹೊಕ್ಕರು. ಶ್ವಾರ್ಜೆನ್‌ಬರ್ಗ್‌ಗಳದ್ದು ಇನ್ನೂ ವಿಚಿತ್ರ. ನಾಜಿಗಳನ್ನು ವಿರೋಧಿಸಿದ್ದಕ್ಕೆ ಅವರ ಆಸ್ತಿಯನ್ನು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋ ಕಿತ್ತುಕೊಂಡಿತ್ತು. 1947ರಲ್ಲಿ ಅದೇ ಆಸ್ತಿಯನ್ನು ಜೆಕೊಸ್ಲೊವಾಕಿಯಾ, ಬರೀ ಆ ಮನೆತನಕ್ಕೆಂದೇ ಒಂದು ಕಾನೂನು ಮಾಡಿ, ತಾನು ತೆಗೆದುಕೊಂಡಿತು!

ಕಮ್ಯುನಿಸ್ಟರ ಕಾಲದಲ್ಲಿ, 1963ರಲ್ಲಿ, ಊರಿಗೆ ಸಂರಕ್ಷಿತ ಪ್ರದೇಶ ಅನ್ನೋ ಪಟ್ಟವೇನೋ ಸಿಕ್ಕಿತು. ಆದರೂ ಗೋಡೆಗಳ ಗಾರೆ ಉದುರುತ್ತಲೇ ಇತ್ತು.

1989ರಲ್ಲಿ ಆ ಆಡಳಿತ ಬಿತ್ತು, ಮನೆಗಳು ಖಾಸಗಿಯವರ ಕೈಗೆ ಬಂದವು, 1992ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಹೆಸರೂ ಸೇರಿತು. ಗೋಡೆಗಳಿಗೆ ಬಣ್ಣ ಬಂತು. ಹಿಂದೆಯೇ ಪ್ರಾಗ್‌ನಿಂದ ಬಸ್ಸುಗಟ್ಟಲೆ ಜನ ಬಂದರು. ಇಷ್ಟು ಗಿರಾಕಿ ಇರುವಾಗ ಮನೆಯಲ್ಲಿ ಸಂಸಾರ ಇಡುವುದಕ್ಕಿಂತ ರೂಮು ಬಾಡಿಗೆಗೆ ಬಿಡೋದೇ ಲಾಭ ಅಲ್ವಾ? ಮಾಲೀಕರನ್ನು ಬೈದು ಪ್ರಯೋಜನವಿಲ್ಲ, ಯಾರಾದರೂ ಅದನ್ನೇ ಮಾಡುತ್ತಿದ್ದರು. ಆದರೆ ಹಾಲು ತರಕಾರಿ ಅಂಗಡಿಯ ಜಾಗದಲ್ಲೆಲ್ಲ ನೆನಪಿನ ಕಾಣಿಕೆ ಮಾರುವ ಅಂಗಡಿ ಬಂದರೆ ಸಂಸಾರ ಇರುವವರು ಎಷ್ಟು ದಿನ ನಿಂತಾರು?

2018ರಲ್ಲಿ ಕಟೆರ್ಜಿನಾ ಶೆಡಾ ಎಂಬ ಕಲಾವಿದೆ ಇದನ್ನೇ ಒಂದು ಕಲಾಕೃತಿ ಮಾಡಿದರು. ಹಳೇ ಊರಿನಲ್ಲಿ ಮಾಮೂಲಿ ಬದುಕು ಬದುಕಲು ಜನರನ್ನು ಸಂಬಳ ಕೊಟ್ಟು ಕರೆತಂದರು. ಬಟ್ಟೆ ಒಣಹಾಕುವುದು, ಬೀದಿಯಲ್ಲಿ ನಿಂತು ಹರಟುವುದು, ಇಂಥವೇ ಕೆಲಸ. ವೆನಿಸ್‌ನ ವಾಸ್ತುಶಿಲ್ಪ ಪ್ರದರ್ಶನದಲ್ಲಿ ಜೆಕ್ ದೇಶದ ಪರವಾಗಿ ಇದೇ ಇತ್ತು. ಮರುವರ್ಷ ಪ್ರವಾಸಿ ಬಸ್ಸುಗಳು ಮೊದಲೇ ಸಮಯ ಕಾಯ್ದಿರಿಸಿ ಹಣ ಕಟ್ಟಬೇಕೆಂಬ ನಿಯಮವನ್ನು ನಗರಸಭೆ ತಂದಿತು. ದಟ್ಟಣೆಗೆ ಅದು ಮದ್ದಾಗಬಹುದು. ಹಳೇ ಊರಿನ ಮನೆಗಳಲ್ಲಿ ಮತ್ತೆ ಸಂಸಾರ ಹೂಡಿಸುವ ವಿಷಯಕ್ಕೂ ಆ ನಿಯಮಕ್ಕೂ ಮಾತ್ರ ಸಂಬಂಧವಿಲ್ಲ.