ಚರ್ಚಿನ ಶಿಸ್ತು ಸಮಿತಿಯಲ್ಲಿ ‘ಲೇ ಮೆಂಬರ್’ ಅಂದರೆ ಯಾರು?

ಪಾದ್ರಿಯೊಬ್ಬರ ಮೇಲೆ ದೂರು ಬಂದಾಗ ಅದನ್ನು ವಿಚಾರಿಸಲು ಚರ್ಚು ಒಂದು ಸಮಿತಿ ಮಾಡುತ್ತದೆ. ಆ ಸಮಿತಿಯಲ್ಲಿ ಪಾದ್ರಿಗಳ ಜೊತೆ ಕೂರುವ, ಪಾದ್ರಿ ದೀಕ್ಷೆ ಪಡೆಯದ ಸಾಮಾನ್ಯ ವಿಶ್ವಾಸಿಯೇ ಲೇ ಮೆಂಬರ್. ಶಾಲೆಯ ಟೀಚರ್ ಇರಬಹುದು, ನರ್ಸ್ ಇರಬಹುದು, ಬ್ಯಾಂಕಿನಿಂದ ನಿವೃತ್ತರಾದವರು ಇರಬಹುದು. ಭಾನುವಾರ ನಮ್ಮ ಪಕ್ಕದ ಬೆಂಚಿನಲ್ಲಿ ಕೂತು ಹಾಡುವವರೇ.

ಇದರ ಬೇರು ಬೈಬಲಿನಲ್ಲೇ ಇದೆ. ಸಹೋದರ ತಪ್ಪು ಮಾಡಿದರೆ ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಅನ್ನುತ್ತದೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ. ಸಭೆ ಅಂದರೆ ಪಾದ್ರಿಗಳು ಮಾತ್ರ ಅಲ್ಲ, ಅಲ್ವಾ?

ನಿಯಮ ಮಾತ್ರ ಚರ್ಚಿನಿಂದ ಚರ್ಚಿಗೆ ಬೇರೆ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚು 2003ರಲ್ಲಿ ಮಾಡಿದ ಕಾನೂನಿನ ಪ್ರಕಾರ ಪೀಠದಲ್ಲಿ ಐವರು: ಕಾನೂನು ಬಲ್ಲ ಒಬ್ಬ ಅಧ್ಯಕ್ಷರು, ಇಬ್ಬರು ಪಾದ್ರಿಗಳು, ಇಬ್ಬರು ಲೇ ಮೆಂಬರ್‌ಗಳು. ತೀರ್ಪು ಬಹುಮತದ್ದು. ಕ್ಯಾಥೊಲಿಕರ 1983ರ ಕಾನೂನು ಸಂಹಿತೆಯಲ್ಲಿ, ಬಿಷಪರ ಮಂಡಳಿ ಒಪ್ಪಿದರೆ ಸಾಮಾನ್ಯ ವಿಶ್ವಾಸಿಯೊಬ್ಬರು ನ್ಯಾಯಪೀಠದಲ್ಲಿ ಕೂರಬಹುದು. ಬೆಳಗಾವಿ ಸೀಮೆಯಲ್ಲಿ ಕ್ಯಾಥೊಲಿಕ್, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥಡಿಸ್ಟ್ ಎಲ್ಲವೂ ಇವೆ. ಒಂದರ ಪದ್ಧತಿಯನ್ನು ಇನ್ನೊಂದಕ್ಕೆ ಹಚ್ಚಬಾರದು.

ನಮ್ಮ ಕಡೆ ನಿಜವಾದ ಕಷ್ಟ ಸಂಬಂಧದ್ದು. ಕ್ರೈಸ್ತ ಧರ್ಮಪ್ರಚಾರಕರ ಲಂಡನ್ ಮಿಷನ್ ಬೆಳಗಾವಿಗೆ ಬಂದದ್ದು 1820ರಲ್ಲಿ, ಬಾಸೆಲ್ ಮಿಷನ್ ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. ಇಷ್ಟು ತಲೆಮಾರುಗಳಿಂದ ಇರುವ ಸಣ್ಣ ಸಮುದಾಯದಲ್ಲಿ ಕೊಟ್ಟು ತಂದ ಸಂಬಂಧ ಇಲ್ಲದ ಮನೆ ಸಿಗುವುದು ಕಷ್ಟ. ದೂರು ಕೊಟ್ಟಾಕೆ ಕಾಕಾನ ಬೀಗರ ಮಗಳಾಗಿರುತ್ತಾಳೆ. ಅಯ್ಯನವರೇ, ಅಂದರೆ ಆ ಪಾದ್ರಿಯೇ, ನಮ್ಮ ಮನೆಯ ಮದುವೆ ಮಾಡಿಸಿರುತ್ತಾರೆ. ಹಾಗಾಗಿ ಲೇ ಮೆಂಬರ್ ಮಾಡಬೇಕಾದ ಮೊದಲ ಕೆಲಸ, ತನಗಿರುವ ನಂಟನ್ನು ಬಾಯಿಬಿಟ್ಟು ಹೇಳುವುದು. ಹತ್ತಿರದ ನಂಟಾದರೆ ಹಿಂದೆ ಸರಿಯಬೇಕು. ‘ನಾನು ನಿಷ್ಪಕ್ಷಪಾತಿ’ ಅಂತ ತಾನೇ ಅಂದುಕೊಂಡರೆ ಸಾಲದು, ಎರಡೂ ಕಡೆಯವರಿಗೆ ಹಾಗೆ ಅನ್ನಿಸಬೇಕು.

ಎರಡನೆಯದು ಕಾಗದ ನೋಡುವುದು. ಉದಾಹರಣೆಗೆ, ಚರ್ಚಿನ ಸುಗ್ಗಿ ಹಬ್ಬದಲ್ಲಿ ಜೋಳದ ಚೀಲ ಹರಾಜಾಗಿ ಬಂದ ಹಣದ ಬಗ್ಗೆ ದೂರು ಅನ್ನಿ. ಒಬ್ಬರು ‘ಅಯ್ಯನವರು ದೇವರಂಥವರು’ ಅನ್ನುತ್ತಾರೆ, ಇನ್ನೊಬ್ಬರು ‘ಊರಿಗೆಲ್ಲ ಗೊತ್ತು’ ಅನ್ನುತ್ತಾರೆ. ಎರಡೂ ಸಾಕ್ಷಿ ಅಲ್ಲ. ಪಾವತಿ ಪುಸ್ತಕದ ಅರ್ಧಚೀಟಿ ತೆಗೆಸಿ, ನಂಬರ್ ಸಾಲಾಗಿದೆಯೇ, ಬ್ಯಾಂಕಿಗೆ ಕಟ್ಟಿದ ತಾರೀಖು ಯಾವುದು ಅಂತ ನೋಡಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಅದೇ. ಲೆಕ್ಕ ಬರೆದು ರೂಢಿ ಇರುವ ವಿಶ್ವಾಸಿಯ ಕಣ್ಣು ಇಲ್ಲಿ ಪಾದ್ರಿಗಳಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಲೇ ಮೆಂಬರ್ ಜನರ ವಕೀಲರಲ್ಲ. ಪಾದ್ರಿಯ ಅಭಿಮಾನಿಯೂ ಆಗಬಾರದು. ಹಿರಿಯ ಪಾದ್ರಿ ಎದುರಿಗಿದ್ದಾಗ ಸುಮ್ನೆ ತಲೆಯಾಡಿಸಿ ಎದ್ದುಬರುವವರನ್ನು ಕೂರಿಸಿದರೆ ಆ ಕುರ್ಚಿ ಖಾಲಿ ಇದ್ದಂತೆಯೇ. ಅವರ ಪ್ರಶ್ನೆಗೂ ಮತಕ್ಕೂ ಉಳಿದವರಷ್ಟೇ ತೂಕ ಇರಬೇಕು. ಒಳಗೆ ಕೇಳಿದ್ದನ್ನು ಮನೆಯಲ್ಲೂ ಹೇಳಬಾರದು. ಇದು ತುಂಬಾ ಕಷ್ಟ, ಯಾಕೆಂದರೆ ಆರಾಧನೆ ಮುಗಿದ ಕೂಡಲೇ ಅಂಗಳದಲ್ಲಿ ‘ಏನಾಯ್ತ್ರೀ?’ ಅಂತ ಕೇಳುವವರು ಕಾಯುತ್ತಿರುತ್ತಾರೆ.

ಇನ್ನೊಂದು ಮಾತು. ಈ ಸಮಿತಿ ಪಾದ್ರಿಯನ್ನು ಎಚ್ಚರಿಸಬಹುದು, ಕೆಲಸದಿಂದ ತೆಗೆಯಲು ಹೇಳಬಹುದು. ಅಪರಾಧವನ್ನು ಮುಚ್ಚಿ ‘ನಾವೇ ಬಗೆಹರಿಸುತ್ತೇವೆ’ ಅನ್ನುವ ಹಕ್ಕು ಅದಕ್ಕಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ತಿಳಿದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸಮಿತಿಯ ಗುಟ್ಟು ಅದಕ್ಕೆ ಅಡ್ಡ ಬರುವುದಿಲ್ಲ. ಸಮಿತಿಗೆ ಕರೆ ಬಂದರೆ ಒಪ್ಪುವ ಮೊದಲು ಇಂಥ ದೂರು ಬಂದಾಗ ಏನು ಮಾಡುತ್ತಾರೆ ಅಂತ ಕೇಳಿ, ನಿಯಮವನ್ನು ಬರಹದಲ್ಲಿ ತರಿಸಿಕೊಂಡು ಓದಿ.